ಗಾಡಿಯ ಹಿಂದೆ ಅಕ್ಕನ ಆಶೀರ್ವಾದ

ಚಾಮರಾಜನಗರ
೭-೭-೨೦೨೪, ಭಾನುವಾರ

ತಮ್ಮ ಶಾಂತರಾಜುವಿಗೆ,

ಅಕ್ಕ ಭಾನು ಬರೆಯುವುದು. ನಾನೂ ಮಗ ಸುನೀಲನೂ ಇಲ್ಲಿ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿಯೇ ಇರುತ್ತೀಯ, ಅದರಲ್ಲಿ ನನಗೆ ಅನುಮಾನವಿಲ್ಲ. ನಿನ್ನಂಥವರಿಗೆ ನೆಗಡಿ ಕೂಡ ಆಗುವುದಿಲ್ಲ.

ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಗುಂಡ್ಲುಪೇಟೆ ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಿ ಒಂದು ತಿಂಗಳಾಯಿತು. ಸ್ಕೂಲು ಬಾಗಿಲು ತೆಗೆಯುವ ಕಾಲಕ್ಕೆ ನನ್ನ ಹೊಲಿಗೆ ಮೆಷಿನ್ನಿಗೆ ಪುರುಸೊತ್ತಿರುವುದಿಲ್ಲ ಎಂದು ನಿನಗೆ ಗೊತ್ತು. ನೂರ ನಲವತ್ತು ಯೂನಿಫಾರಂ ಮುಗಿಸಿ, ಇವತ್ತು ಬೆಳಿಗ್ಗೆ ಮೆಷಿನ್ನಿಗೆ ಎಣ್ಣೆ ಬಿಟ್ಟು ಕೂತಿದ್ದೇನೆ. ನಾಲ್ಕು ಸಲ ಫೋನ್ ಮಾಡಿದೆ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ ಎಂದು ಸುನೀಲ ಹೇಳಿದ. ರಿಜಿಸ್ಟರ್ ಪೋಸ್ಟು ಹಾಕೋಣವೆಂದರೆ, ಮೂರು ವರ್ಷದಿಂದ ಕೋರ್ಟಿನ ನೋಟಿಸಿಗೆ ಹೆದರಿ ಹೆದರಿ ನಿನಗೆ ಪೋಸ್ಟ್‌ಮ್ಯಾನ್ ಕಂಡರೆ ಹಿತ್ತಲ ಬಾಗಿಲಿನಿಂದ ಓಡುವ ಅಭ್ಯಾಸ. ಅದಕ್ಕೇ ಈ ಕಾಗದವನ್ನು ಡ್ರೈವರ್ ಮರಿಯಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮರಿಯಪ್ಪ ಮೊದಲು ಒಪ್ಪಲಿಲ್ಲ. "ಅಕ್ಕೋ, ನಾನ್ ತಂದ್ಕೊಟ್ಟೆ ಅಂತ ನನ್ ಮ್ಯಾಲೆ ರೇಗ್ತರೆ ಕಣಕ್ಕ" ಎಂದ. "ರೇಗ್ಲಿ ಬುಡು. ಗಾಡಿ ಯಾರ್ದು ಅಂತ ಆರ್‌ಸಿ ಬುಕ್ ನೋಡ್ಕೋ ಓಗು" ಎಂದೆ. ನಗುತ್ತಾ ಜೇಬಿಗೆ ಹಾಕಿಕೊಂಡ. ಅಂದ ಹಾಗೆ, ಕೋರ್ಟಿಗೆ ನೀನು ಕೊಟ್ಟ ಕಾಗದಗಳಲ್ಲಿ ಗಾಡಿ ಓಡಿಸುವವನು ನೀನು. ಹಾಗಾದರೆ ಮರಿಯಪ್ಪ ಏನು, ಸ್ಟೆಪ್ನಿಯೇ? ಡ್ರೈವರೊಬ್ಬನಿಗೆ ಡ್ರೈವರನ್ನು ಇಟ್ಟುಕೊಟ್ಟ ಊರು ತೆರಕಣಾಂಬಿ ಒಂದೇ ಇರಬೇಕು.

ನಿನ್ನ ಲಾಯರು ಸೋಮಶೇಖರ್ ಅವರು ನಮ್ಮಿಬ್ಬರ ವ್ಯವಹಾರವನ್ನು ಎಷ್ಟು ಚೆನ್ನಾಗಿ ಬರೆದಿದ್ದರು ಎಂದರೆ, ಅದನ್ನು ನಿನಗೆ ಇನ್ನೊಮ್ಮೆ ಓದಿ ಹೇಳಬೇಕು ಅನ್ನಿಸುತ್ತದೆ. ಗಾಡಿ ಭಾನುವಿನದು. ಮಾರ್ಕೆಟ್ ಲೈಸೆನ್ಸು ಭಾನುವಿನದು. ಬ್ಯಾಂಕ್ ಖಾತೆ ಭಾನುವಿನದು. ತೆರಕಣಾಂಬಿಯಲ್ಲಿ ತರಕಾರಿ ಕೊಂಡು ಗೂಡಲೂರಿನ ವ್ಯಾಪಾರಿಗೆ ಕಳಿಸುವ 'ಭಾನು ವೆಜಿಟಬಲ್ಸ್'ನ ಮಾಲೀಕಳು ಭಾನು. ಶಾಂತರಾಜು ಯಾರು? ಸ್ವಯಂ ಉದ್ಯೋಗಿ. ಕರೆದಾಗ ಬಂದು ಗಾಡಿ ಓಡಿಸಿ ಹೋಗುವವನು. ಅವನಿಗೆ ಇರುವುದು ಒಬ್ಬಳೇ ಗಿರಾಕಿ, ಅವನ ಅಕ್ಕ. ಅವಳು ಕೆಲಸ ಕೊಟ್ಟ ತಿಂಗಳು ಆರು ಸಾವಿರ ಸಿಕ್ಕರೆ ಪುಣ್ಯ. ಇಂಥ ಬಡಪಾಯಿಯು, ಬೇರೆಯಾದ ಹೆಂಡತಿಯ ಹತ್ತಿರ ಬೆಳೆಯುತ್ತಿರುವ ಎಂಟು ವರ್ಷದ ಮಗಳಿಗೆ ಜೀವನಾಂಶ ಎಲ್ಲಿಂದ ತರಬೇಕು?

ಓದಿದರೆ ನನಗೇ ಕಣ್ಣಲ್ಲಿ ನೀರು ಬರುತ್ತದೆ.

ಐದು ವರ್ಷದ ಹಿಂದೆ ಹೆಂಗಸರ ಸ್ವಯಂ ಉದ್ಯೋಗಕ್ಕೆ ಸಬ್ಸಿಡಿ ಸಾಲ ಸಿಗುತ್ತದೆ ಎಂದು ನನ್ನ ಆಧಾರ್ ಕಾರ್ಡು, ಫೋಟೋ ಎಲ್ಲ ತೆಗೆದುಕೊಂಡು ಹೋದವನು ನೀನು. ಪಿಕಪ್ ಬಂದ ದಿನ ಹಿಂದಿನ ಹಲಗೆಯ ಮೇಲೆ ಕೆಂಪು ಅಕ್ಷರದಲ್ಲಿ 'ಅಕ್ಕನ ಆಶೀರ್ವಾದ' ಎಂದು ನೀನೇ ಬರೆಸಿದ್ದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದು ನಾನು. ನಿನ್ನ ಹೆಂಡತಿ ರಮ್ಯ ಮೂರು ವರ್ಷದ ಭವ್ಯಳನ್ನು ಕಂಕುಳಲ್ಲಿ ಇಟ್ಟುಕೊಂಡು ಆರತಿ ಎತ್ತಿದಳು. ನಾನು ಅತ್ತೆ. ಪೆದ್ದಿ, ಸಂತೋಷಕ್ಕೆ ಅತ್ತೆ. ಆಮೇಲೆ ಮೂರು ತಿಂಗಳಿಗೊಮ್ಮೆ ನೀನು ಚೆಕ್ ಬುಕ್ ತಂದೆ, ನಾನು ಒಂದೊಂದು ಹಾಳೆಗೂ ಸಹಿ ಹಾಕಿದೆ. ಎದ್ದು ಹೋಗುವಾಗ ನೀನು ಬಾಗಿಲ ಹತ್ತಿರ ಎರಡು ಕೋಸು, ಒಂದು ಚೀಲ ಬೀನ್ಸು ಇಟ್ಟು ಹೋಗುತ್ತಿದ್ದೆ. ಮಾಲೀಕಳ ಪಾಲು ಅಷ್ಟೇ. ಅದರಲ್ಲೂ ಬೀನ್ಸು ಬಲಿತಿರುತ್ತಿತ್ತು.

ರಮ್ಯ ಮನೆ ಬಿಟ್ಟು ತವರಿಗೆ, ಹಂಗಳಕ್ಕೆ, ಹೋದಾಗ ನೀನು ಹೇಳಿದ ಕಾರಣ ನನಗೆ ಇನ್ನೂ ನೆನಪಿದೆ. "ಲೆಕ್ಕ ಕೇಳ್ತಳೆ ಕಣಕ್ಕ. ಹೆಂಗ್ಸು ಲೆಕ್ಕ ಕೇಳುದ್ರೆ ಸಂಸಾರ ಆಯ್ತದ?" ಎಂದಿದ್ದೆ. ನಾನು ಲೆಕ್ಕ ಕೇಳದ ಹೆಂಗಸು. ಅದಕ್ಕೇ ನಿನಗೆ ನನ್ನ ಮೇಲೆ ಅಷ್ಟು ಪ್ರೀತಿ. ಆಗ ನಾನು ನಿನ್ನ ಕಡೆಯೇ ನಿಂತೆ. ರಮ್ಯಳಿಗೆ ಜಂಭ ಎಂದು ನೆಂಟರಿಷ್ಟರ ಜೊತೆ ಕೂತು ನಾನೂ ಆಡಿಕೊಂಡೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ನೀನು ಒಂದು ಕಾಗದ ತಂದು ಮೆಷಿನ್ನಿನ ಮೇಲೆ ಇಟ್ಟೆ. "ಕೋರ್ಟ್ಗೆ ಕಣಕ್ಕ. ನೀನೇ ಕೆಲ್ಸ ಕೊಡ್ತಿದ್ದೀಯ ಅಂತ ಒಂದ್ ಸಹಿ" ಎಂದೆ. ಅದು ರಮ್ಯಳಿಗೆ ಕೇಡು ಮಾಡುವ ಕಾಗದ ಎಂದು ನನಗೆ ಗೊತ್ತಿತ್ತು. ಪೆಡಲ್ ತುಳಿಯುತ್ತಲೇ ಸಹಿ ಹಾಕಿದೆ. ಒಂದು ಸಾಲೂ ಓದಲಿಲ್ಲ.

ಏಕೆ ಹಾಕಿದೆ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಸುನೀಲನ ಅಪ್ಪ ನಮ್ಮನ್ನು ಬಿಟ್ಟುಹೋದಾಗ ನನ್ನ ಜೊತೆ ಕೋರ್ಟಿನ ಮೆಟ್ಟಿಲು ಹತ್ತಿದವನು ನೀನೊಬ್ಬನೇ. ನಿನಗೆ ಆಗ ಇಪ್ಪತ್ತು ವರ್ಷ. ನಾಲ್ಕು ವರ್ಷದ ಸುನೀಲನನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದೆ. ಕೇಸು ಎಳೆದು ಎಳೆದು ನಾನು ಸೋತು ಕೂತಾಗ ನೀನು, "ಆ ನನ್ಮಗನ್ ದುಡ್ಡು ನಮ್ಗ್ಯಾಕಕ್ಕ? ನಾನಿಲ್ವ?" ಎಂದೆ. ಆ ಒಂದು ಮಾತಿಗೆ ನಾನು ಕೇಸು ಕೈಬಿಟ್ಟೆ. ಯೂನಿಫಾರಂ ಹೊಲಿದು ಮಿಕ್ಕ ತುಂಡುಗಳಲ್ಲಿ ಸುನೀಲನಿಗೆ ಶರ್ಟು ಹೊಲಿದೆ. ಜೇಬು ಒಂದು ನೀಲಿ, ಕಾಲರು ಇನ್ನೊಂದು ನೀಲಿ. ಹತ್ತನೇ ಕ್ಲಾಸಿನವರೆಗೂ ಹಾಗೇ ಹೋದ. ಇಷ್ಟಾದರೂ ಒಂದು ದಿನವೂ ನಿನ್ನನ್ನು 'ನಾನಿಲ್ವ ಅಂದ್ಯಲ್ಲ, ಎಲ್ಲಿದ್ದೀಯ' ಎಂದು ಕೇಳಲಿಲ್ಲ. ಅಂಥ ಮಾತನ್ನು ಆಡಿದೆಯಲ್ಲ, ಅದೇ ಸಾಕು ಅಂದುಕೊಂಡೆ.

ಈ ಮೇ ತಿಂಗಳ ಕೊನೆಗೆ ರಮ್ಯ ಭವ್ಯಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದಿದ್ದಳು. ನಿನಗೆ ಇದನ್ನು ಹೇಳಿರಲಿಲ್ಲ. ನನ್ನ ಸಹಿ ಇರುವ ಕಾಗದ ಕೋರ್ಟಿನಲ್ಲಿದೆ ಎಂದು ಅವಳಿಗೆ ಗೊತ್ತು. ಆದರೂ ಬಂದಳು. ಮಗುವಿನ ಹಳೆಯ ಯೂನಿಫಾರಂ ಲಂಗವನ್ನು ಮೆಷಿನ್ನಿನ ಮೇಲೆ ಇಟ್ಟು, "ಅತ್ತಿಗೆ, ಒಳಕ್ಕೆ ಮಡ್ಚಿರ ಬಟ್ಟೆ ಬಿಚ್ಚಿ ಒಸಿ ಉದ್ದ ಮಾಡ್ಕೊಡಿ" ಎಂದಳು. ಅಂಚು ಮಡಿಚಿ ನೋಡಿದೆ. ಆಗಲೇ ಎರಡು ಸಲ ಬಿಚ್ಚಿ ಉದ್ದ ಮಾಡಿದ ಲಂಗ ಅದು. ಸೂಜಿಯ ತೂತಿನ ಎರಡು ಸಾಲು ಎದ್ದು ಕಾಣುತ್ತಿತ್ತು. ಬಿಚ್ಚಲು ಇನ್ನು ಬಟ್ಟೆಯೇ ಇರಲಿಲ್ಲ. ಹಾಗೆಂದಾಗ ಅವಳು, "ಅದೇ ಬಣ್ಣುದ್ ಪಟ್ಟಿ ಇದ್ರೆ ಕೊಟ್ಟು ಹೊಲ್ದುಬುಡಿ. ಈ ವರ್ಷ ಒಂದ್ ಕಳೀಲಿ" ಎಂದಳು. ಹತ್ತು ಸಾವಿರ ಮೀಟರ್ ಬಟ್ಟೆ ಈ ಕೈಯಲ್ಲಿ ಹೋಗಿರಬಹುದು. ಅವತ್ತು ನಾಲ್ಕು ಬೆರಳಗಲದ ಒಂದು ಪಟ್ಟಿಗಾಗಿ ಮೂರು ಚೀಲ ತುಂಡು ಬಟ್ಟೆಯನ್ನು ನೆಲಕ್ಕೆ ಸುರಿದು ಹುಡುಕಿದೆ.

ಭವ್ಯ ಕೆಳಗೆ ಕೂತು ತುಂಡು ಬಟ್ಟೆ ಆರಿಸುತ್ತಿದ್ದಳು. ಇದ್ದಕ್ಕಿದ್ದಂತೆ ತಲೆಯೆತ್ತಿ, "ಅತ್ತೆ, ನಿಮ್ ಗಾಡಿ ದಿನಾ ನಮ್ಮೂರ್ ಮ್ಯಾಲೆ ಓಯ್ತದೆ. ಹಿಂದ್ಗಡೆ ಬರ್ದಿರದ ನಾನು ಓದ್ತೀನಿ" ಎಂದಳು. "ಓದ್ದ್ಯಾ? ಏನ್ ಬರ್ದದೆ ಏಳು ನೋಡಮ" ಎಂದೆ. "ಅಕ್ಕನ ಅಂತ ಓದೋ ಅಷ್ಟ್ರಲ್ಲಿ ಗಾಡಿ ಒಂಟೋಯ್ತದೆ. ಒಂದ್ ದಿನಾನಾರ ನಿಂತ್ರೆ ಪೂರ್ತಿ ಓದ್ಬುಡ್ತೀನಿ" ಎಂದಳು.

ಶಾಂತರಾಜು, ತೆರಕಣಾಂಬಿಯಿಂದ ಗೂಡಲೂರಿಗೆ ಹೋಗುವ ಗಾಡಿ ಹಂಗಳದ ಮೇಲೆಯೇ ಹೋಗಬೇಕು, ಬೇರೆ ದಾರಿ ಇಲ್ಲ. ಮರಿಯಪ್ಪನನ್ನು ಕೇಳಿದೆ. ಮಗು ಸ್ಕೂಲಿನಿಂದ ಬಂದು ರಸ್ತೆ ಬದಿಯಲ್ಲಿ ನಿಂತಿರುತ್ತದಂತೆ. ಅವನು ಎರಡು ಸಲ ಹಾರ್ನ್ ಹೊಡೆಯುತ್ತಾನಂತೆ. ನೀನು ಪಕ್ಕದಲ್ಲಿ ಕೂತಿರುವ ದಿನ ಮಾತ್ರ, "ಲೇ, ರಾತ್ರಿಗ್ ಮುಂಚೆ ಕಾಡ್ ದಾಟ್ಬೇಕು ಕಣ್ಲಾ, ಬೇಗ್ ಒಡಿ" ಎಂದು ಫೋನ್ ನೋಡಿಕೊಂಡು ಕೂರುತ್ತೀಯಂತೆ. ಕಾಡಿನ ಗೇಟು ಮುಚ್ಚುವುದು ರಾತ್ರಿ ಒಂಬತ್ತಕ್ಕೆ. ನಿನ್ನ ಗಾಡಿ ಹಂಗಳ ದಾಟುವುದು ಸಾಯಂಕಾಲ ಐದಕ್ಕೆ. ಥೂ ಎನ್ನಬೇಕು ಅನ್ನಿಸಿತು. ಮರಿಯಪ್ಪ ಎದುರಿಗಿದ್ದ ಎಂದು ನುಂಗಿಕೊಂಡೆ.

ರಮ್ಯ ಹೊರಡುವಾಗ ಎಂಬತ್ತು ರೂಪಾಯಿ ತೆಗೆದು ಇಟ್ಟಳು. ಬೇಡವೆಂದೆ. "ಹೊಲ್ಗೆಗೂ ಕೇಸ್ಗೂ ಏನತ್ತಿಗೆ ಸಂಬಂದ? ನೀವೂ ದುಡ್ದು ತಿನ್ನೋರು" ಎಂದಳು. ಜಂಭ ಎಂದು ಆಡಿಕೊಂಡೆವಲ್ಲ, ಅದು ಇದೇ ಇರಬೇಕು. ದುಡ್ಡು ತೆಗೆದುಕೊಂಡೆ.

ಇಷ್ಟಾದ ಮೇಲೂ ಸಾಕ್ಷಿಯ ದಿನ ನಾನು ಮನೆ ಬಿಟ್ಟದ್ದು ನಿನ್ನ ಪರವಾಗಿ ಸುಳ್ಳು ಹೇಳಲೆಂದೇ. ಸೋಮಶೇಖರ್ ಅವರು ಹಿಂದಿನ ದಿನ ಫೋನ್ ಮಾಡಿ, "ಅಮ್ಮ, ಮಾಲೀಕರು ನೀವೇ ಅಂತ ತೋರ್ಸೋಕೆ ಪಾಸ್‌ಬುಕ್ ತನ್ನಿ" ಎಂದಿದ್ದರು. ಬ್ಯಾಗಿನಲ್ಲಿ ಇಟ್ಟುಕೊಂಡೆ. ಬಸ್ಸು ತೆರಕಣಾಂಬಿಯಲ್ಲಿ ನಿಂತಿತು. ಕಿಟಕಿಯಿಂದ ನೋಡುತ್ತೇನೆ, ಬಸ್ ಸ್ಟ್ಯಾಂಡಿನ ಎದುರಿಗೆ ನೀನು ನಿಂತಿದ್ದೀಯ. ಹನ್ನೆರಡು ಅಡಿ ಎತ್ತರ ನಿಂತಿದ್ದೀಯ. ಕ್ರಿಕೆಟ್ ಟೂರ್ನಮೆಂಟಿಗೆ ಶುಭ ಕೋರುವ ಫ್ಲೆಕ್ಸು. ಕಪ್ಪು ಕನ್ನಡಕ, ಕತ್ತಿನಲ್ಲಿ ಹಗ್ಗದಂಥ ಸರ, ಕಿವಿಗೆ ಫೋನು. ಕೆಳಗೆ ದಪ್ಪ ಅಕ್ಷರದಲ್ಲಿ: ಯುವ ಉದ್ಯಮಿ, ಕ್ರೀಡಾ ಪೋಷಕ, ಬಡವರ ಬಂಧು, ತೆರಕಣಾಂಬಿ ಶಾಂತರಾಜು, ಮಾಲೀಕರು, ಭಾನು ವೆಜಿಟಬಲ್ಸ್.

ಮೂವತ್ತೊಂಬತ್ತು ವರ್ಷದ ಯುವಕನೇ, ಆರು ಸಾವಿರದ ಸಂಬಳದಲ್ಲಿ ಹುಡುಗರಿಗೆ ಕ್ರಿಕೆಟ್ ಕಪ್ ಕೊಡಿಸಿದೆಯಲ್ಲ, ಎಂಥಾ ದೊಡ್ಡ ಮನಸ್ಸು ನಿನ್ನದು. ಗಾಡಿ, ಲೈಸೆನ್ಸು, ಖಾತೆ ಎಲ್ಲವನ್ನೂ ಅಕ್ಕನ ಸೀರೆಯ ಮರೆಯಲ್ಲಿ ಬಚ್ಚಿಟ್ಟವನಿಗೆ, ಮುಖ ಒಂದನ್ನು ಬಚ್ಚಿಡಲು ಆಗಲಿಲ್ಲವೇ? ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನನ್ನು ತಿವಿದು, "ಯಾರವ್ವ ಅವ್ನು, ಎಮ್ಮೆಲ್ಲೆಯ?" ಎಂದಳು. "ಗೊತ್ತಿಲ್ಲ ಕಣವ್ವ" ಎಂದೆ. ಅವತ್ತು ನಾನು ಹೇಳಿದ ಸುಳ್ಳು ಅದೊಂದೇ.

ಕೋರ್ಟಿನಲ್ಲಿ ನಡೆದದ್ದನ್ನು ನೀನೂ ನೋಡಿದ್ದೀಯ. ಆದರೆ ನೀನು ನೋಡಿದ್ದು ನಿನ್ನ ಮಾನ ಹೋದದ್ದನ್ನು ಮಾತ್ರ. ಸೋಮಶೇಖರ್ ಅವರು "ಈ ಸಹಿ ನಿಮ್ದೇನಾ?" ಎಂದರು. ಹೌದೆಂದೆ. ಪಾಸ್‌ಬುಕ್ಕನ್ನು ಎತ್ತಿ ತೋರಿಸಿದರು. ನೀನು ಹಿಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ. ಆಮೇಲೆ ರಮ್ಯಳ ಲಾಯರು ಎದ್ದಳು. ನಮ್ಮ ಸುನೀಲನಿಗಿಂತ ಎರಡು ವರ್ಷ ದೊಡ್ಡವಳಿರಬಹುದು, ಅಷ್ಟೇ. ಮೊದಲು ಆ ಫ್ಲೆಕ್ಸಿನ ಫೋಟೋ ಕೊಟ್ಟಳು. ಜಡ್ಜ್ ಸಾಹೇಬರು ಅದನ್ನು ಒಂದು ಸಲ ನೋಡಿದರು, ನಿನ್ನನ್ನು ಒಂದು ಸಲ ನೋಡಿದರು. ನೀನು ಕಾಲು ಇಳಿಸಿದೆ.

ಆಮೇಲೆ ಅವಳು, "ಅಮ್ಮ, ನೀವು ಕೊಟ್ಟಿರೋ ಪತ್ರ ಇದು. ಒಂದ್ಸಲ ಗಟ್ಟಿಯಾಗಿ ಓದಿ" ಎಂದಳು. ಓದಿದೆ. "ಇವರು ನಮ್ಮ ಖಾಯಂ ಕೆಲಸಗಾರರಲ್ಲ. ಕೆಲಸವಿದ್ದಾಗ ಮಾತ್ರ ನಾನು ಇವರನ್ನು ಕರೆಯುತ್ತೇನೆ. ನನ್ನ ಹೊರತು ಇವರಿಗೆ ಬೇರೆ ಗಿರಾಕಿಯಿಲ್ಲ. ಮಳೆಗಾಲದ ನಾಲ್ಕು ತಿಂಗಳು ಇವರಿಗೆ ಯಾವ ಕೆಲಸವೂ ಇರುವುದಿಲ್ಲ." ಅಲ್ಲಿಗೆ ನನ್ನ ದನಿ ನಿಂತುಹೋಯಿತು. ಆ ಹುಡುಗಿ ನಗುತ್ತಾ, "ಮಳೆಗಾಲದಲ್ಲಿ ಜನ ತರಕಾರಿ ತಿನ್ನಲ್ವಾ ಅಮ್ಮ?" ಎಂದಳು. ಎಲ್ಲರೂ ನಕ್ಕರು. ಮಳೆಗಾಲದಲ್ಲೇ ನಿನ್ನ ಗಾಡಿ ದಿನಕ್ಕೆ ಎರಡು ಟ್ರಿಪ್ ಹೊಡೆಯುವುದು ಎಂದು ಕಟಕಟೆಯ ಪಕ್ಕದ ಪೊಲೀಸಿನವನಿಗೂ ಗೊತ್ತು. ಯಾರೋ ನನಗೆ ನೀರು ತಂದುಕೊಟ್ಟರು. ನಾನು ಫ್ಲೆಕ್ಸಿನ ಸಿಟ್ಟಿಗೆ ತಿರುಗಿಬಿದ್ದೆ ಎಂದು ನೀನು ಮಾರ್ಕೆಟ್ಟಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಹೇಳಿಕೋ.

ನೀರು ಕುಡಿದು ನಾನು ಹೇಳಿದ್ದು ಇಷ್ಟೇ: "ಸ್ವಾಮಿ, ಇದ್ರಲ್ಲಿರೋದು ಸುಳ್ಳು. ಹೆಸ್ರು ನಂದು, ಯಾಪಾರ ಅವನ್ದು. ಆ ಪಾಸ್‌ಬುಕ್ನ ಒಳ್ಗಡೆ ತೆಗ್ದು ನೋಡಿ." ಸಾಹೇಬರು ಹಾಳೆ ತಿರುವಿದರು. ತಿರುವುತ್ತಲೇ ಇದ್ದರು. "ಹಾಗಿದ್ರೆ ಸಹಿ ಯಾಕೆ ಹಾಕಿದ್ರಿ?" ಎಂದರು. "ತಮ್ಮ ಕೇಳ್ದ, ಆಕ್ದೆ" ಎಂದೆ. ಸುಳ್ಳು ಕಾಗದ ಕೊಟ್ಟದ್ದಕ್ಕೆ ನನಗೆ ಏನು ಶಿಕ್ಷೆ ಬರುತ್ತದೋ ಬರಲಿ, ಅದಕ್ಕೆ ನಾನು ಹಿತ್ತಲ ಬಾಗಿಲಿನಿಂದ ಓಡುವುದಿಲ್ಲ.

ಹೊರಗೆ ಬಂದಾಗ ನೀನು ನನ್ನ ಮುಂದೆ ನಿಂತು ಕೂಗಿದೆ. "ಏನಕ್ಕ ಇಂಗ್ ಮಾಡ್ಬುಟ್ಟೆ? ಒಡುಟ್ದೋಳ ನೀನು? ಆ ಹೆಂಗ್ಸ್ ಕಡೀಕ್ ಸೇರ್ಕಂಡ್ಬುಟ್ಟಲ್ಲ!" ಎಂದೆ. ಸೋಮಶೇಖರ್ ಅವರು ಪಾಪ, "ಅಮ್ಮ, ನಾನ್ ಹೇಳಿದ್ದು ಪಾಸ್‌ಬುಕ್ಕಿನ ಮೊದಲ್ನೇ ಪುಟ ತೋರ್ಸೋಕೆ" ಎಂದು ಗೊಣಗಿದರು. ನಾನು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನಡೆದೆ. ಗೇಟಿನ ಹತ್ತಿರ ರಮ್ಯ ನಿಂತಿದ್ದಳು. ಓಡಿ ಬಂದು ಕೈಹಿಡಿಯುತ್ತಾಳೆ ಅಂದುಕೊಂಡೆ. ಅವಳು ಅಂಥವಳಲ್ಲ. "ಬಸ್ಸು ಎರಡೂವರೆಗೆ ಇದೆ ಅತ್ತಿಗೆ" ಎಂದಳು, ಅಷ್ಟೇ.

ಹೋದ ತಿಂಗಳ ಕೊನೆಗೆ ಆದೇಶವೂ ಆಯಿತು. ಭವ್ಯಳಿಗೆ ತಿಂಗಳಿಗೆ ಒಂಬತ್ತು ಸಾವಿರ ಕೊಡು ಎಂದರು. ನೀನು ಗೂಡಲೂರಿಗೆ ಹೋಗಿ ಕೂತೆ. ಬಿಡಿಗಾಸೂ ಕೊಡುವುದಿಲ್ಲ, ನನಗೆ ಆಸ್ತಿಯೇ ಇಲ್ಲ, ಯಾರು ಏನು ಕಿತ್ತುಕೊಳ್ಳುತ್ತಾರೆ ನೋಡೋಣ ಎಂದೆಯಂತೆ.

ಸರಿ. ನಿನಗೆ ಆಸ್ತಿಯಿಲ್ಲ, ನನಗಿದೆ. ನೀನೇ ಬರೆಸಿಕೊಟ್ಟಿದ್ದೀಯ.

ಮೊನ್ನೆ ಬುಧವಾರ ಒಂದು ದಿನ ಮೆಷಿನ್ ನಿಲ್ಲಿಸಿ ಬ್ಯಾಂಕಿಗೆ ಹೋದೆ. ನಾನು ಸಹಿ ಹಾಕಿಕೊಟ್ಟು, ನಿನ್ನ ಬೀರುವಿನಲ್ಲಿರುವ ಚೆಕ್ಕುಗಳೆಲ್ಲ ರದ್ದಾಗಿವೆ. ನಿನ್ನ ಹತ್ತಿರವಿರುವ ಎಟಿಎಂ ಕಾರ್ಡನ್ನು ನಿಲ್ಲಿಸಿ, ಖಾತೆಗೆ ಸೇರಿಸಿದ್ದ ನಿನ್ನ ಫೋನ್ ನಂಬರ್ ತೆಗೆಸಿ ನನ್ನದು ಹಾಕಿಸಿದೆ. ಕಾರ್ಡು ನಡೆಯುತ್ತಿಲ್ಲವೆಂದು ನಿನ್ನೆ ನೀನು ಎಟಿಎಂ ಮೆಷಿನ್ನಿಗೆ ಒದ್ದೆಯಂತೆ. ಅದರ ತಪ್ಪಿಲ್ಲ, ಬಿಡು. ಗೂಡಲೂರಿನ ವ್ಯಾಪಾರಿ ನನಗೆ ಫೋನ್ ಮಾಡಿ, "ಅಕ್ಕಾ, ಕಾಸು ಇನ್ಮೇಲೆ ಯಾರ್ ಕೈಲಿ ಕೊಡ್ಬೇಕು?" ಎಂದು ಕೇಳಿದರು. ಖಾತೆಗೇ ಹಾಕಿ ಎಂದೆ. ಐದು ವರ್ಷದಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು. ಒಳ್ಳೆಯ ಮನುಷ್ಯರು.

ಈಗ ಕೇಳು. ನೀನು ಸ್ವಯಂ ಉದ್ಯೋಗಿ, ನಾನು ನಿನ್ನ ಒಬ್ಬಳೇ ಗಿರಾಕಿ. ಕೆಲಸವಿದ್ದಾಗ ಮಾತ್ರ ಕರೆಯುವವಳು. ಹಾಗಾಗಿ ಕರೆಯುತ್ತಿದ್ದೇನೆ. ನಾಳೆಯಿಂದ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗು, ಮಾಲು ಹಾಕಿಸು, ಗಾಡಿ ಹತ್ತು. ತಿಂಗಳ ಕೊನೆಗೆ ನೀನು ಪ್ರಮಾಣ ಮಾಡಿ ಹೇಳಿದ ಆರು ಸಾವಿರವನ್ನು ಕೊಡುತ್ತೇನೆ, ಒಂದು ರೂಪಾಯಿ ಕಡಿಮೆಯಿಲ್ಲ. ಅಷ್ಟರಲ್ಲಿ ಬದುಕಬಹುದು ಎಂದು ಕೋರ್ಟಿಗೆ ಬರೆದುಕೊಟ್ಟವನು ನೀನು, ಬದುಕಿ ತೋರಿಸು. ಮರಿಯಪ್ಪನ ಸಂಬಳ, ಸಾಲದ ಕಂತು, ರೈತರ ದುಡ್ಡು ಮೊದಲು ಹೋಗುತ್ತದೆ. ಭವ್ಯಳ ಒಂಬತ್ತು ಸಾವಿರ ನನ್ನ ಖಾತೆಯಿಂದ ನೇರವಾಗಿ ರಮ್ಯಳಿಗೆ ಹೋಗುತ್ತದೆ, ನಿನ್ನ ಹೆಸರಿಗೆ ಬರೆದು. ಈ ತಿಂಗಳದ್ದು ಶುಕ್ರವಾರವೇ ಹೋಯಿತು. ಮಿಕ್ಕದ್ದನ್ನು ನಾನು ಮುಟ್ಟುವುದಿಲ್ಲ. 'ಎಲ್ಲವೂ ನನ್ನದೇ, ಅಕ್ಕನ ಹೆಸರಿನಲ್ಲಿ ಸುಳ್ಳು ಹೇಳಿದೆ' ಎಂದು ಕೋರ್ಟಿಗೆ ಬಂದು ಹೇಳು, ಗಾಡಿಯನ್ನೂ ಖಾತೆಯನ್ನೂ ಅವತ್ತೇ ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ. ಹೇಳಲು ಬಾಯಿ ಬರದಿದ್ದರೆ ಹೀಗೇ ಇರು. ಒಬ್ಬಳೇ ಗಿರಾಕಿ ಇರುವವರ ಬಾಳು ಹೇಗಿರುತ್ತದೆ ಎಂದು ಸ್ವಲ್ಪ ದಿನ ನೋಡು.

ಇನ್ನೊಂದು ಕೆಲಸ. ಸಾಯಂಕಾಲ ಗಾಡಿ ಹಂಗಳದಲ್ಲಿ ಐದು ನಿಮಿಷ ನಿಲ್ಲಬೇಕು. ಮರಿಯಪ್ಪನಿಗೆ ಹೇಳಿದ್ದೇನೆ, ಅವನು ನಿಲ್ಲಿಸುತ್ತಾನೆ. ನೀನು ಇಳಿಯುತ್ತೀಯೋ ಫೋನ್ ನೋಡಿಕೊಂಡು ಕೂರುತ್ತೀಯೋ ನಿನಗೆ ಬಿಟ್ಟದ್ದು. ಮಗು ಹಿಂದಿನ ಹಲಗೆಯನ್ನು ಪೂರ್ತಿ ಓದಿ ಮುಗಿಸಲಿ, ಆಮೇಲೆ ಹೊರಡಿ.

ತೆರಕಣಾಂಬಿಯ ಫ್ಲೆಕ್ಸು ಗಾಳಿಗೆ ಹರಿದು ನಿನ್ನ ಮುಖ ಅರ್ಧ ಜೋತುಬಿದ್ದಿದೆ ಎಂದು ಸುನೀಲ ಹೇಳಿದ. ತೆಗೆಸಿಬಿಡು, ದನ ತಿಂದಾವು.

ಕೊನೆಯದಾಗಿ, ಟ್ರಂಕಿನಿಂದ ನೀನು ತೆಗೆಸಿಕೊಂಡು ಹೋದ ನನ್ನ ಹಳೆಯ ಕೇಸಿನ ಹಸಿರು ಫೈಲನ್ನು ಮರಿಯಪ್ಪನ ಕೈಯಲ್ಲಿ ಕಳಿಸು. ಒಂದು ಹಾಳೆಯೂ ಕಳೆದಿರಬಾರದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಾಡಿಯಲ್ಲಿ ಬೆಲ್ಟು ಹಾಕಿಕೋ. ನನ್ನ ಆಶೀರ್ವಾದ ಬೇಕೆನಿಸಿದರೆ ಇಳಿದು ಗಾಡಿಯ ಹಿಂದಕ್ಕೆ ಹೋಗಿ ಓದಿಕೋ, ನೀನೇ ಬರೆಸಿದ್ದೀಯ. ಇಲ್ಲಿ ಬೇರೆ ಬರೆಯುವಷ್ಟು ನನ್ನಲ್ಲಿ ಇಲ್ಲ.

ನಿನ್ನ ಅಕ್ಕ,
ಭಾನು

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದೆ. ಕಟಕಟೆಯಲ್ಲಿ ನನ್ನ ದನಿ ನಿಂತದ್ದು ಏಕೆಂದು ನಿನಗೆ ಹೇಳದೆ ಇರಲು ಆಗಲಿಲ್ಲ.

ಮಳೆಗಾಲದ ನಾಲ್ಕು ತಿಂಗಳು ಕೆಲಸವಿಲ್ಲದೆ ಕೂರುವವರು ತರಕಾರಿಯವರಲ್ಲ, ಇಟ್ಟಿಗೆ ಸುಡುವವರು. ಹತ್ತೊಂಬತ್ತು ವರ್ಷದ ಹಿಂದೆ ಸುನೀಲನಿಗೆ ಜೀವನಾಂಶ ಕೇಳಿದಾಗ ಅವನ ಅಪ್ಪ ರಂಗಸ್ವಾಮಿ ಕೋರ್ಟಿಗೆ ತಂದುಕೊಟ್ಟ ಕಾಗದ ಅದು. ಹರವೆಯಲ್ಲಿ ಇಟ್ಟಿಗೆ ಗೂಡು ಇಟ್ಟಿದ್ದ ಅವನ ಅಕ್ಕ ಬಸವಮ್ಮನ ಹೆಸರಿನಲ್ಲಿ ಬರೆದದ್ದು. ಖಾಯಂ ಕೆಲಸಗಾರನಲ್ಲ, ಕೆಲಸವಿದ್ದಾಗ ಮಾತ್ರ ಕರೆಯುತ್ತೇನೆ, ನನ್ನ ಹೊರತು ಬೇರೆ ಗಿರಾಕಿಯಿಲ್ಲ. ಅದೇ ಸಾಲುಗಳು. ಹಸಿರು ಫೈಲಿನಿಂದ ಅದನ್ನು ತೆಗೆದು ನೀನು ಹೆಸರು ಬದಲಾಯಿಸಿದೆ, ಇಟ್ಟಿಗೆ ತೆಗೆದು ತರಕಾರಿ ಹಾಕಿದೆ. ಮಳೆಗಾಲವನ್ನು ತೆಗೆಯುವಷ್ಟು ಶ್ರಮವನ್ನೂ ಪಡಲಿಲ್ಲ. ನೀನು ಆ ಫೈಲು ಕೇಳಿದ ದಿನ, ನನ್ನ ತಮ್ಮ ಈಗಲಾದರೂ ಸುನೀಲನ ಬಾಕಿ ಕೇಳಲು ಹೊರಟಿದ್ದಾನೆ ಎಂದುಕೊಂಡು, ಅದರ ಧೂಳನ್ನು ಸೆರಗಿನಿಂದ ಒರೆಸಿ ನಿನ್ನ ಕೈಗೆ ಕೊಟ್ಟೆ.

ಆ ಕಾಗದ ಬಂದ ದಿನ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಬಸವಮ್ಮ ನಿಂತಿದ್ದಳು. ನಾನು ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದೆ, ರಮ್ಯ ನನ್ನನ್ನು ಕರೆಯುವ ಹಾಗೆ. ನೀನು ಸುನೀಲನನ್ನು ಹೆಗಲ ಮೇಲೆ ಕೂರಿಸಿಕೊಂಡು ಅವಳ ಮುಂದೆ ಹೋಗಿ, "ಈ ಮಗೀನ ಅನ್ನುಕ್ಕೆ ಕಲ್ ಆಕ್ಬುಟ್ಟಲ್ಲ, ನೀನೂ ಒಂದ್ ಹೆಂಗ್ಸ?" ಎಂದು ಅವಳ ಕಾಲ ಹತ್ತಿರ ಉಗಿದೆ. ಹತ್ತೊಂಬತ್ತು ವರ್ಷ ನಾನೂ ಅವಳಿಗೆ ಅದೇ ಮಾತಿನಿಂದ ಶಾಪ ಹಾಕಿಕೊಂಡು ಬಂದಿದ್ದೇನೆ. ಅವಳು ಅವತ್ತು ಹೆಬ್ಬೆರಳಿಗೆ ಮೆತ್ತಿದ್ದ ಮಸಿಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ನಿಂತಿದ್ದಳು.

ಅವಳಿಗೆ ಓದಲು ಬರುತ್ತಿರಲಿಲ್ಲ, ಶಾಂತರಾಜು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು.